ಕಡೆಯ ಕಾಲು ಮಾತ್ರೆ

ದೊಡ್ಡಮ್ಮನ ದಿಂಬಿನ ಪಕ್ಕ ಒಂದು ಪುಟ್ಟ ಸ್ಟೀಲ್ ಡಬ್ಬಿ ಇರುತ್ತಿತ್ತು. ಮೊದಲು ಅದರಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಆಲ್ಪ್ರಜೋಲಾಮ್ ಮಾತ್ರೆ ಬಂತು. ದೊಡ್ಡಪ್ಪ ತೀರಿಕೊಂಡ ವಾರ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ ಅಂದಾಗ ಡಾಕ್ಟರು ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದರು. ಆ ಹದಿನೈದು ದಿನ ಒಂಬತ್ತು ವರ್ಷ ಎಳೆಯಿತು. ಚೀಟಿ ಹಳದಿ ತಿರುಗಿ ಮಡಿಕೆಯಲ್ಲಿ ಹರಿದೇ ಹೋಯಿತು. ಮೆಡಿಕಲ್ ಶಾಪಿನ ಹುಡುಗ ಅವರ ಮುಖ ನೋಡಿಯೇ ಸ್ಟ್ರಿಪ್ ತೆಗೆದುಕೊಡುತ್ತಿದ್ದ.

ಒಂದು ಯುಗಾದಿಗೆ ಮಗಳ ಮನೆಗೆ ಹೋದಾಗ ಡಬ್ಬಿ ಮರೆತರು. ಮೊದಲ ರಾತ್ರಿ ಹೇಗೋ ಕಳೆಯಿತು. ಎರಡನೆಯ ರಾತ್ರಿ ಒಂದು ಗಳಿಗೆಯೂ ನಿದ್ದೆ ಇಲ್ಲ. ಮೂರನೆಯ ದಿನ ಕಾಫಿ ಲೋಟ ತಟ್ಟೆಗೆ ತಗುಲಿ ಕಟಕಟ ಅನ್ನುವಷ್ಟು ಕೈ ನಡುಕ. ಟೀವಿ ಸದ್ದು ತಲೆಗೆ ಬಡಿದಂತೆ ಕೇಳುತ್ತಿತ್ತಂತೆ. ಕಾಲ ಮೇಲೆ ಇರುವೆ ಹರಿದಾಡಿದ ಹಾಗೆ ಬೇರೆ. ಮನೆಯವರೆಲ್ಲ ಸೇರಿ ತೀರ್ಪು ಕೊಟ್ಟರು: "ನೋಡಿದ್ರಾ, ಮಾತ್ರೆ ಬಿಟ್ರೆ ಕಾಯಿಲೆ ವಾಪಸ್ ಬರುತ್ತೆ."

ಈ ತೀರ್ಪು ತಪ್ಪು. ಒಂಬತ್ತು ವರ್ಷದ ಹಿಂದೆ ಅವರಿಗಿದ್ದದ್ದು ದುಃಖ, ನಿದ್ದೆಗೇಡು. ಆಗ ಇರುವೆ ಇರಲಿಲ್ಲ, ನಡುಕ ಇರಲಿಲ್ಲ, ಸದ್ದಿಗೆ ಬೆಚ್ಚುವುದೂ ಇರಲಿಲ್ಲ. ಹಳೇ ಕಾಯಿಲೆ ಮರಳಿದರೆ ಹಳೇ ರೂಪದಲ್ಲೇ ಬರಬೇಕು, ಅಲ್ವಾ? ಹೊಸ ಲಕ್ಷಣ ಕಂಡರೆ ಮೊದಲು ಅನುಮಾನಪಡಬೇಕಾದದ್ದು ಮಾತ್ರೆ ತಟ್ಟನೆ ನಿಂತದ್ದರ ಮೇಲೆ.

ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್, ನೈಟ್ರಜೆಪಾಮ್ ಎಲ್ಲ ಒಂದೇ ಮನೆತನ. ಬೆಂಜೋಡಯಾಜೆಪೈನ್ ಅಂತ ಮನೆತನದ ಹೆಸರು. ಇದು ಸಿಕ್ಕಿದ್ದು ಕಸ ಗುಡಿಸುವಾಗ ಅಂದರೂ ನಡೆದೀತು. ಅಮೆರಿಕದ ನ್ಯೂಜೆರ್ಸಿಯಲ್ಲಿ ರೋಷ್ ಕಂಪನಿಯ ಲಿಯೋ ಸ್ಟರ್ನ್‌ಬಾಕ್ ಹಲವು ರಾಸಾಯನಿಕಗಳನ್ನು ಮಾಡಿನೋಡಿ, ಫಲ ಸಿಗದೆ ಬೇರೆ ಕೆಲಸಕ್ಕೆ ತಿರುಗಿದ್ದರು. 1957ರಲ್ಲಿ ಪ್ರಯೋಗಶಾಲೆಯ ಮೇಜು ಚೊಕ್ಕಟ ಮಾಡುವಾಗ, ಪರೀಕ್ಷೆಗೇ ಹೋಗದೆ ಉಳಿದಿದ್ದ ಒಂದಿಷ್ಟು ಹರಳು ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿತ್ತು. ಎಸೆಯುವ ಮುಂಚೆ ಒಮ್ಮೆ ನೋಡೋಣ ಅಂತ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಆಗಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಮ್ಮ ವೇಲಿಯಂ, ಅಂದರೆ ಡಯಾಜೆಪಾಮ್. 1978ರಲ್ಲಿ ಅಮೆರಿಕ ಒಂದರಲ್ಲೇ 200 ಕೋಟಿಗೂ ಜಾಸ್ತಿ ವೇಲಿಯಂ ಮಾತ್ರೆ ಖರ್ಚಾಯಿತು.

ಅದಕ್ಕೂ ಮುಂಚಿನ ಮಾದಕ ನಿದ್ದೆ ಔಷಧಗಳಿಗೆ ಹೋಲಿಸಿದರೆ ಇದು ನಿಜಕ್ಕೂ ಸಾಧು. ಒಂದೆರಡು ಮಾತ್ರೆ ಜಾಸ್ತಿ ನುಂಗಿದರೆ ಉಸಿರು ನಿಲ್ಲುವ ಭಯ ಕಡಿಮೆ. ಆದರೆ ಬಿಡುವಾಗಿನ ಕಷ್ಟ ಗೊತ್ತೇ ಇರಲಿಲ್ಲ ಅನ್ನುವಂತಿಲ್ಲ. 1961ರಲ್ಲೇ ಲಿಯೋ ಹಾಲಿಸ್ಟರ್ ಎಂಬ ಅಮೆರಿಕದ ವೈದ್ಯರು, ತಿಂಗಳುಗಟ್ಟಲೆ ದೊಡ್ಡ ಡೋಸಿನಲ್ಲಿ ಲಿಬ್ರಿಯಂ ತೆಗೆದುಕೊಂಡಿದ್ದ 11 ಜನರಿಗೆ ಅವರಿಗೆ ತಿಳಿಯದ ಹಾಗೆ ಔಷಧವಿಲ್ಲದ ಮಾತ್ರೆ ಕೊಟ್ಟರು. 10 ಜನರಿಗೆ ಲಕ್ಷಣ ಕಾಣಿಸಿತು. ಇಬ್ಬರಿಗೆ ವಾರ ಕಳೆಯುವ ಹೊತ್ತಿಗೆ ಫಿಟ್ಸ್ ಬಂತು. ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಒಪ್ಪಿಗೆ ಕೊಡಲಿಕ್ಕಿಲ್ಲ. ಅದಿರಲಿ. ವಿಷಯ ಅಚ್ಚಾಗಿಯೂ ಲೋಕ ಅದನ್ನು ಕಿವಿಗೆ ಹಾಕಿಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತು. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ ಎಂದದ್ದು 1988ರಲ್ಲಿ.

ಹಾಗಾದರೆ ತಲೆಯೊಳಗೆ ಆಗುವುದೇನು? ಒಂದು ಮದುವೆ ಛತ್ರ ನೆನೆಸಿಕೊಳ್ಳಿ. ಓಲಗ, ಮಕ್ಕಳು, ಊಟದ ಸಾಲಿನ ಗದ್ದಲ. ನಡುವೆ ಒಬ್ಬರು ಹಿರಿಯರು ಓಡಾಡಿಕೊಂಡು "ಸ್ವಲ್ಪ ಮೆತ್ತಗೆ, ಸ್ವಲ್ಪ ಮೆತ್ತಗೆ" ಅನ್ನುತ್ತಿರುತ್ತಾರೆ. ಮೆದುಳಿನಲ್ಲಿ ಆ ಹಿರಿಯರ ಹೆಸರು ಗಾಬಾ. ನರಕೋಶದ ಮೈಮೇಲಿನ ಒಂದು ಪುಟ್ಟ ಬಾಗಿಲಿಗೆ ಗಾಬಾ ಬಂದು ಕೂತರೆ ಬಾಗಿಲು ತೆರೆದು ಕ್ಲೋರೈಡ್ ಕಣಗಳು ಒಳಗೆ ಹೋಗುತ್ತವೆ. ಆ ಕೋಶದ ಗದ್ದಲ ಇಳಿಯುತ್ತದೆ. ನಮ್ಮ ಮಾತ್ರೆ ತಾನೇ ಬಾಗಿಲು ತೆರೆಯುವುದಿಲ್ಲ. ಅದೇ ಬಾಗಿಲಿನ ಇನ್ನೊಂದು ಮೂಲೆಯಲ್ಲಿ ಕೂತು, ಗಾಬಾ ಬಂದಾಗ ಬಾಗಿಲು ಮತ್ತೆ ಮತ್ತೆ ತೆರೆಯುವ ಹಾಗೆ ಮಾಡುತ್ತದೆ. ಹಿರಿಯರ ಕೈಗೆ ಮೈಕ್ ಕೊಟ್ಟಂತೆ. ಮಾತ್ರೆ ಕೂರುವ ಆ ಜಾಗ ಪತ್ತೆಯಾದದ್ದು 1977ರಲ್ಲಿ. ವೇಲಿಯಂ ಪೇಟೆಗೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು!

ಮೊದಲ ವಾರ ಛತ್ರವೆಲ್ಲ ಶಾಂತ. ಆದರೆ ತಿಂಗಳುಗಟ್ಟಲೆ ಹಗಲೂ ರಾತ್ರಿ ಮೈಕ್ ಕೂಗಿದರೆ ಜನ ಏನು ಮಾಡುತ್ತಾರೆ? ಕಿವಿ ಮಂದ ಮಾಡಿಕೊಳ್ಳುತ್ತಾರೆ, ತಮ್ಮ ದನಿ ಎತ್ತರಿಸುತ್ತಾರೆ. ಮೆದುಳೂ ಹೀಗೇ ಹೊಂದಿಕೊಳ್ಳುತ್ತದೆ. ಗಾಬಾದ ಬಾಗಿಲುಗಳು ಮಾತ್ರೆಯ ಮಾತಿಗೆ ಮೊದಲಿನಷ್ಟು ಓಗೊಡುವುದಿಲ್ಲ. ನರಗಳನ್ನು ಕೆರಳಿಸುವ ಗ್ಲುಟಮೇಟ್ ಕಡೆಯವರು ಜೋರಾಗುತ್ತಾರೆ. ಅದಕ್ಕೇ ಕೆಲವು ವಾರಗಳಲ್ಲಿ ಮಾತ್ರೆಯ ನಿದ್ದೆ ತೆಳ್ಳಗಾಗುತ್ತದೆ. ಈಗ ಒಂದೇ ಏಟಿಗೆ ಮೈಕ್ ಕಿತ್ತುಕೊಳ್ಳಿ. ಮಂದವಾದ ಕಿವಿ ಹಾಗೇ ಇದೆ, ಎತ್ತರಿಸಿದ ದನಿಯೂ ಹಾಗೇ ಇದೆ. ಆ ಗದ್ದಲವೇ ನಡುಕ, ಬೆವರು, ಗಾಬರಿ, ಇರುವೆ, ಕೆಲವೊಮ್ಮೆ ಫಿಟ್ಸ್, ಸನ್ನಿ. ಜೀವಕ್ಕೇ ಅಪಾಯವಾಗಬಹುದು.

ಇದನ್ನು ಚಟ ಅಂತ ಕರೆಯುವುದು ನನಗೆ ಹಿಡಿಸುವುದಿಲ್ಲ. ದೊಡ್ಡಮ್ಮ ಒಂದು ದಿನವೂ ಬರೆದದ್ದಕ್ಕಿಂತ ಜಾಸ್ತಿ ನುಂಗಲಿಲ್ಲ, ಮಜಾಕ್ಕೂ ನುಂಗಲಿಲ್ಲ. ಹೇಳಿದಂತೆ ಕೇಳಿದ್ದಕ್ಕೇ ಮೈ ಮಾತ್ರೆಗೆ ಒಗ್ಗಿಕೊಂಡಿತು. "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಹೇಳುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಪಕ್ಕದ ತೆಲಂಗಾಣದಲ್ಲಿ ಇದು ಊರೂರಿಗೇ ಆಗಿದೆ. ಅಲ್ಲಿ ಸೇಂದಿಗೆ ಆಲ್ಪ್ರಜೋಲಾಮ್, ಡಯಾಜೆಪಾಮ್ ಪುಡಿ ಬೆರೆಸಿ ಮಾರುವ ದಂಧೆ ಇದೆ. 2015ರಲ್ಲಿ ಸರ್ಕಾರ ಬಿಗಿ ಮಾಡಿ ಆ ಸೇಂದಿ ನಿಂತಾಗ ಜನ ನಡುಗುತ್ತಾ, ಬಡಬಡಿಸುತ್ತಾ, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ನಮ್ಮ ರಾಯಚೂರಿನ ಕಡೆಯವರಿಗೆ ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್ ಅಂದರೆ ವಿವರಿಸಬೇಕಿಲ್ಲ. ಅದು ಕ್ಲೋರಲ್ ಹೈಡ್ರೇಟ್. ಮನೆತನ ಬೇರೆ, ತಟ್ಟುವ ಬಾಗಿಲು ಅದೇ. ಸಾರಾಯಿ ತಟ್ಟುವುದೂ ಅದನ್ನೇ. ಹಾಗಾಗಿ ಮಾತ್ರೆ ಬಿಡುತ್ತಾ ರಾತ್ರಿ ಒಂದು ಪೆಗ್ ಹಾಕಿಕೊಂಡರೆ ಬಿಟ್ಟಂತೆ ಆಗುವುದಿಲ್ಲ. ಮಾತ್ರೆ, ಹೆಂಡ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಉಸಿರಿಗೇ ಕುತ್ತು.

ಔಷಧದ ಅಂಗಡಿಗೂ ಕಾನೂನಿದೆ. 2014ರ ಮಾರ್ಚಿನಿಂದ ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಯಾರು ಬರೆದರು, ಯಾರಿಗೆ, ಎಷ್ಟು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಒಳ್ಳೆಯದೇ. ಆದರೆ ಒಂಬತ್ತು ವರ್ಷ ಕೊಟ್ಟು ಒಂದು ಬೆಳಿಗ್ಗೆ "ಇನ್ನು ಕೊಡಲ್ಲ ಅಜ್ಜಿ" ಅಂದರೆ ಅದೂ ಮೈಕ್ ಕಿತ್ತುಕೊಂಡ ಹಾಗೇ.

ಬಿಡುವ ದಾರಿಯನ್ನು ಸಾವಧಾನವಾಗಿ ಹುಡುಕಿದವರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಪ್ರೊಫೆಸರ್ ಹೆದರ್ ಆಶ್ಟನ್ ಮುಖ್ಯರು. 1982ರಿಂದ 1994ರವರೆಗೆ ಇದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. ಬಂದವರ ಮಾತನ್ನು ಗಂಟೆಗಟ್ಟಲೆ ಕೇಳಿ, ಅವರಿಂದಲೇ ಕಲಿತೆ ಅಂತ ಹೇಳಿಕೊಂಡವರು. ಅವರ ಒಂದು ಉಪಾಯ ಡಯಾಜೆಪಾಮ್‌ಗೆ ಬದಲಾಯಿಸುವುದು. ಆಲ್ಪ್ರಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಎರಡನೆಯ ರಾತ್ರಿಗೇ ದೊಡ್ಡಮ್ಮನಿಗೆ ಕಷ್ಟವಾದದ್ದು ಅದಕ್ಕೆ. ಡಯಾಜೆಪಾಮ್ ಮತ್ತು ಅದು ಮೈಯೊಳಗೆ ಮಾರ್ಪಟ್ಟು ಆಗುವ ಪದಾರ್ಥ ದಿನಗಟ್ಟಲೆ ಉಳಿಯುತ್ತವೆ. ತನ್ನಷ್ಟಕ್ಕೇ ಮೆಲ್ಲಗೆ ಇಳಿಯುತ್ತವೆ. ಆದರೆ ಲೆಕ್ಕ ತಪ್ಪಬಾರದು. ಆಶ್ಟನ್ ಪಟ್ಟಿಯ ಪ್ರಕಾರ ಆಲ್ಪ್ರಜೋಲಾಮ್ ಅರ್ಧ ಮಿಲಿಗ್ರಾಮ್ ಅಂದರೆ ಡಯಾಜೆಪಾಮ್ 10 ಮಿಲಿಗ್ರಾಮಿಗೆ ಸಮ. ಮಿಲಿಗ್ರಾಮಿಗೆ ಮಿಲಿಗ್ರಾಮ್ ಅಂತ ಮನೆಯಲ್ಲಿ ಕೂತು ಬದಲಾಯಿಸುವ ವಿಷಯ ಅಲ್ಲ ಇದು.

ದೊಡ್ಡಮ್ಮನಿಗೆ ಡಾಕ್ಟರು ಬದಲಾಯಿಸಲಿಲ್ಲ. 71 ವರ್ಷದವರಲ್ಲಿ ಡಯಾಜೆಪಾಮ್ ಮೈಯಲ್ಲಿ ಕೂಡುತ್ತಾ ಹೋಗುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದರೆ ಏನು ಮಾಡುವುದು ಅಂದರು. ಅದೇ ಮಾತ್ರೆ, ಕಡಿಮೆ ಕಡಿಮೆ.

ಎಷ್ಟು ಕಡಿಮೆ? 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸೇರಿ ಹೊರತಂದ ಸಲಹೆ ಹೀಗಿದೆ: ಎರಡರಿಂದ ನಾಲ್ಕು ವಾರಕ್ಕೊಮ್ಮೆ 5ರಿಂದ 10 ಪರ್ಸೆಂಟ್ ಇಳಿಸುವುದರಿಂದ ಶುರು ಮಾಡಿ, ಏನೇ ಆದರೂ ಎರಡು ವಾರಕ್ಕೆ 25 ಪರ್ಸೆಂಟ್ ಮೀರಬೇಡಿ. ಇದು ನಡುನಡುವೆ ಡಾಕ್ಟರಿಗೆ ತೋರಿಸಿಕೊಂಡು, ಮೈ ಹೇಗಿದೆ ನೋಡಿಕೊಂಡು ಹೋಗುವ ದಾರಿ. ಹಿಂದೆ ಫಿಟ್ಸ್ ಬಂದವರು, ಜಾಸ್ತಿ ಡೋಸಿನವರು, ಕುಡಿತ ಇರುವವರು ಆಸ್ಪತ್ರೆಯಲ್ಲಿ ಇದ್ದುಕೊಂಡೇ ಇಳಿಸಬೇಕಾಗಬಹುದು. ಬಸುರಿಯರೂ ತಜ್ಞರಿಗೆ ತೋರಿಸಿಯೇ ಮುಂದುವರಿಯಬೇಕು. ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಫೋನ್ ಹಿಡಿದು ಕೂರದೆ ನೇರ ಆಸ್ಪತ್ರೆಗೆ.

ದೊಡ್ಡಮ್ಮ ಮೊದಮೊದಲು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದರು. ಪೇಪರ್ ಹಾಸಿ, ಕನ್ನಡಕ ಏರಿಸಿ, ಗೆರೆಯ ಮೇಲೆ ಬ್ಲೇಡ್ ಇಟ್ಟು ಒತ್ತಿದರೆ ಅರ್ಧ ಚೂರು ಮಂಚದ ಕೆಳಗೆ. ಒಂದು ದಿನ ದೊಡ್ಡ ತುಂಡು, ಒಂದು ದಿನ ಸಣ್ಣದು. ಮೈಗೆ ಅದು ಏರುಪೇರು. ಕೊನೆಗೆ ಮಾತ್ರೆ ಕತ್ತರಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟೆ. ಅವರದ್ದು ಮಾಮೂಲಿ ಮಾತ್ರೆಯಾದ್ದರಿಂದ ಸರಿಹೋಯಿತು. ನಿಧಾನವಾಗಿ ಕರಗುವ ಎಸ್ಆರ್ ಮಾತ್ರೆಗಳನ್ನು ಕತ್ತರಿಸಬಾರದು, ಒಮ್ಮೆಲೇ ಎಲ್ಲ ಒಳಗೆ ಸುರಿದಂತಾಗುತ್ತದೆ.

ಮುಕ್ಕಾಲಿಗೆ ಬಂದದ್ದು ಗೊತ್ತೇ ಆಗಲಿಲ್ಲ. ಅರ್ಧಕ್ಕೆ ಬಂದಾಗ ಎರಡು ವಾರ ಸಿಡಿಮಿಡಿ. ಕಾಲು ಮಾತ್ರೆಯಿಂದ ಕೆಳಗಿಳಿಯಲು ಹೋದಾಗಲೇ ನಿಜವಾದ ಗೋಳು. "ಇಷ್ಟು ದಿನ ಇಲ್ಲದ್ದು ಈ ಚೂರಿಗೆ ಯಾಕೆ ಹಿಂಗಾಗುತ್ತೆ?" ಅಂತ ಅಳುವಷ್ಟಾಯಿತು.

ಕಾಫಿ ಉದಾಹರಣೆ ಕೊಟ್ಟೆ. ಐದು ಚಮಚ ಸಕ್ಕರೆಯ ಕಾಫಿಯಲ್ಲಿ ಒಂದು ಚಮಚ ಕಡಿಮೆ ಮಾಡಿದರೆ ನಾಲಿಗೆಗೆ ತಿಳಿಯುವುದೇ ಇಲ್ಲ. ಒಂದೇ ಚಮಚದ ಕಾಫಿಯಲ್ಲಿ ಅದನ್ನೂ ತೆಗೆದರೆ? ಮಾತ್ರೆಯ ಲೆಕ್ಕವೂ ಅದೇ. ಮೊದಲ ಚೂರೇ ಬೇಕಾದಷ್ಟು ಬಾಗಿಲು ಹಿಡಿದುಬಿಡುತ್ತದೆ. ಮೇಲೆ ಮೇಲೆ ಹಾಕಿದ್ದಕ್ಕೆ ಹಿಡಿಯಲು ಉಳಿದ ಬಾಗಿಲು ಕಮ್ಮಿ. ಹಾಗಾಗಿ ಇಳಿಯುವಾಗ ಸಮಸಮ ಮೆಟ್ಟಿಲು ಕೆಳಗೆ ಬಂದಷ್ಟೂ ಆಳವಾಗುತ್ತವೆ. ಅದಕ್ಕೆ ಈಗಿರುವ ಡೋಸಿನ ಹತ್ತು ಪರ್ಸೆಂಟ್ ಲೆಕ್ಕ ಹಿಡಿಯುತ್ತಾರೆ: 100ರಿಂದ 90, 90ರಿಂದ 81, ಆಮೇಲೆ 73. ಮೆಟ್ಟಿಲು ತಾನೇ ಸಣ್ಣದಾಗುತ್ತಾ ಬರುತ್ತದೆ. ಆ ಕಡೆಯ ಕಾಲು ಮಾತ್ರೆಗೆ ದೊಡ್ಡಮ್ಮ ನಾಲ್ಕು ತಿಂಗಳು ತೆಗೆದುಕೊಂಡರು. ನಡುವೆ ಮೊಮ್ಮಗಳ ಮದುವೆ ಬಂತು. ಡಾಕ್ಟರನ್ನು ಕೇಳಿ ಒಂದು ತಿಂಗಳು ಇದ್ದಲ್ಲೇ ನಿಂತರು.

ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಯಾಕೆ ಬೇಕು ಅಂತ ಕೇಳಿದವರೂ ಇದ್ದರು. ಕೆನಡಾದ ಕ್ವಿಬೆಕ್‌ನಲ್ಲಿ ಇಂಥ ಮಾತ್ರೆ ನುಂಗುತ್ತಿದ್ದ, 65 ದಾಟಿದ 303 ಜನರ ಒಂದು ಅಧ್ಯಯನ ನಡೆದಿತ್ತು, 2014ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಒಂದು ಪುಸ್ತಿಕೆ ಕೊಟ್ಟರು. ಮಾತ್ರೆಯ ಅಪಾಯ ಏನು, 21 ವಾರದಲ್ಲಿ ಇಳಿಸುವುದು ಹೇಗೆ ಅಂತ ಇಡೀ, ಅರ್ಧ, ಕಾಲು ಮಾತ್ರೆಯ ಚಿತ್ರ ಬರೆದಿದ್ದ ಪುಸ್ತಿಕೆ. ಡಾಕ್ಟರ ಜೊತೆ, ಔಷಧದ ಅಂಗಡಿಯವರ ಜೊತೆ ಮಾತಾಡಿ ಅಂತಲೂ ಹೇಳಿತ್ತು. ಆರು ತಿಂಗಳಲ್ಲಿ ಪುಸ್ತಿಕೆ ಸಿಕ್ಕವರಲ್ಲಿ 27 ಪರ್ಸೆಂಟ್ ಜನ ಪೂರ್ತಿ ಬಿಟ್ಟಿದ್ದರು. ಸಿಗದವರಲ್ಲಿ 5 ಪರ್ಸೆಂಟ್. ಒಂದು ಪುಸ್ತಿಕೆ! ನಮ್ಮಲ್ಲಿ ಸ್ಟ್ರಿಪ್ಪಿನ ಜೊತೆ ಇಂಥದ್ದೊಂದು ಕನ್ನಡದ ಹಾಳೆ ಬಂದಿದ್ದರೆ ಒಂಬತ್ತು ವರ್ಷ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ದೊಡ್ಡಮ್ಮ ಬಿಟ್ಟು ಈಗ ಎರಡು ವರ್ಷ. ನಿದ್ದೆ ಎಂಟು ಗಂಟೆ ಬರುತ್ತದೆ ಅಂತಲ್ಲ. ಮೂರು ಗಂಟೆಗೆ ಎಚ್ಚರವಾದರೆ ಎದ್ದು ಹೂಬತ್ತಿ ಹೊಸೆಯುತ್ತಾರೆ. ಸ್ಟೀಲ್ ಡಬ್ಬಿಗೆ ಲವಂಗ ವಾಪಸ್ ಬಂದಿದೆ. ಮೊನ್ನೆ ಮುಚ್ಚಳ ತೆಗೆದಾಗ ಲವಂಗದ ನಡುವೆ ಒಂದು ಕಾಲು ಮಾತ್ರೆ ಕಾಣಿಸಿತು.

"ಇದ್ಯಾಕೆ ಇನ್ನೂ ಇಟ್ಕೊಂಡಿದೀರಾ? ಎಕ್ಸ್‌ಪೈರಿ ಆಗಿರುತ್ತೆ."

"ನಂಗೂ ಆಗ್ತಾ ಬಂತು ಕಣೋ. ಸುಮ್ನೆ ಇರಲಿ ಬಿಡು," ಅಂದು ಡಬ್ಬಿ ಕಿತ್ತುಕೊಂಡರು.