ಟೇಲ್ ಎಂಡಿನಿಂದ ಎಣಸ್ರಿ

ಆಲಮಟ್ಟಿ ಕೆನಾಲ್ ನೋಡಿದವರಿಗೆ ಗ್ರಾಫ್ ಥಿಯರಿಯ, ಅಂದ್ರ ಚುಕ್ಕಿ-ಗೆರಿ ಜೋಡಸೂ ಗಣಿತದ, ಟ್ರೀ ಅಂದ್ರ ಏನಂತ ಬ್ಯಾರೆ ಹೇಳೂದು ಬ್ಯಾಡ. ದೊಡ್ಡ ಕಾಲುವಿ ಒಡದು ಸಣ್ಣವು ಆಗ್ತಾವ, ಅವು ಮತ್ತ ಒಡೀತಾವ, ಆದ್ರ ಒಮ್ಮೆ ಒಡದ ಕವಲು ಮುಂದ ಎಲ್ಲೂ ಕೂಡೂದಿಲ್ಲ, ಅಷ್ಟ.

ಈಗ ಪ್ರತಿ ಗೇಟಿನ ಮ್ಯಾಲೂ ಕಣ್ಣಿರಬೇಕು ಅಂತ ತಿಳೀರಿ. ಒಬ್ಬ ಆಳು ತಾ ನಿಂತ ಗೇಟು ಮತ್ತ ಅದಕ್ಕ ನೇರ ಹತ್ತಿದ ಗೇಟು ಅಷ್ಟ ನೋಡ್ತಾನ. ಕಡಿಮ್ಯಾಗ ಕಡಿಮಿ ಎಷ್ಟು ಆಳು ಬೇಕು? ಇದಕ್ಕ ಡಾಮಿನೇಷನ್ ಪ್ರಾಬ್ಲೆಮ್ ಅಂತಾರ. ಹಳೇ ಹುಚ್ಚು ಇದು, ಚೆಸ್ ಬೋರ್ಡಿನ 64 ಮನಿನೂ ಕಾಯಾಕ ಎಷ್ಟು ರಾಣಿ ಬೇಕು ಅಂತ 1862ರಾಗ ಯೇನಿಷ್ ಅನ್ನೋ ಚೆಸ್ ಪಂಡಿತ ತಲಿ ಕೆಡಿಸ್ಕೊಂಡಿದ್ದ, 5 ಸಾಕು. ಇರ್ಲಿ.

ಯಾರನ್ನ ಕೇಳ್ರಿ, "ಹೆಚ್ಚು ಕವಲು ಇದ್ದಲ್ಲೇ ಮೊದಲ ಒಬ್ಬನ್ನ ನಿಲ್ಲಸ್ರಿ" ಅಂತಾರ. ನನಗ ಸಿಟ್ಟು ಬರೂದು ಇಲ್ಲೇ. ನಡುವ ಒಂದು ಗೇಟು, ಅದರಿಂದ 3 ಕವಲು, ಕವಲಿಗೆ ಒಂದರ ಮುಂದ ಒಂದು 2 ಗೇಟು, ಒಟ್ಟು 7. ನಡುವ ಒಬ್ಬ ನಿಂತ್ರ ತುದಿ ಮೂರೂ ಹೊರಗ ಉಳದ್ವು, ಅವಕ್ಕ ಮತ್ತ 3 ಮಂದಿ, ಅಂದ್ರ 4 ಪಗಾರ. ನಡುವ ಯಾರನ್ನೂ ನಿಲ್ಲಿಸದ ಪ್ರತಿ ಕವಲಿನ ಮೊದಲ ಗೇಟಿಗೆ ಒಬ್ಬೊಬ್ಬನ್ನ ಹಾಕ್ರಿ, ಮೂವರೊಳಗ ಕೆಲಸ ಮುಗೀತು.

ಟೇಲ್ ಎಂಡ್, ಅಂದ್ರ ಕವಲಿನ ಕಟ್ಟಕಡಿ ಗೇಟು ಕಾಯಾಕ ಇರೂದು ಎರಡ ಜಾಗಾ, ಒಂದು ಅಲ್ಲೇ, ಇಲ್ಲಾ ಅದರ ಹಿಂದಿನ ಗೇಟು. ತುದಿಗೆ ನಿಂತಾಂವಗ ಕಾಣೂದೆಲ್ಲಾ ಹಿಂದ ನಿಂತಾಂವಗೂ ಕಾಣತೈತಿ, ಮ್ಯಾಲಷ್ಟು ಬ್ಯಾರೆ ಕಾಣತೈತಿ, ಹಂಗಾರ ತುದ್ಯಾಗ ಯಾಕ ನಿಲ್ಲಬೇಕು? ಎಲ್ಲಾಕ್ಕಿಂತ ದೂರದ ತುದಿ ಹಿಡೀರಿ, ಅದನ್ನ ಯಾರೂ ಕಾಯ್ದಿಲ್ಲಂದ್ರ ಹಿಂದಿನ ಗೇಟಿಗೆ ಆಳು ಹಾಕ್ರಿ, ಮುಗದ ತುದಿ ಬಿಡಕೋತ ಡ್ಯಾಮಿನ ಕಡೆ ಬರ್ರಿ. ಕೂದಲ ಸಿಕ್ಕು ಬಿಡಸೂಮುಂದ ಅವ್ವ ಹಣಗಿ ತುದಿಯಿಂದ ಹಾಕ್ತಾಳಲ್ಲ, ಬುಡದಿಂದ ಎಳದ್ರ ಕಿತ್ತ ಬರ್ತಾವ. ಪಂಗತ್ಯಾಗ ಹೋಳಿಗಿ ಸಾಲ್ತಾವೋ ಇಲ್ಲೋ ಅಂತ ತಿಳೀಬೇಕಂದ್ರೂ ಕಡಿಗೆ ಕುಂತಾಂವನ ಎಲಿ ನೋಡಬೇಕು.

ಕಾಕೇನ್, ಗುಡ್‌ಮನ್, ಹೆಡೆಟ್ನೀಮಿ ಅನ್ನೋ ಮೂವರು ಗಣಿತದವ್ರು 1975ರಾಗ ತೋರಿಸಿದ್ದು, ಟ್ರೀ ಒಳಗ ಗೇಟು ಇಮ್ಮಡಿಯಾದ್ರ ಲೆಕ್ಕದ ಕೆಲಸನೂ ಬರೇ ಇಮ್ಮಡಿ. ಕವಲು ಸುತ್ತಿ ಬಂದು ಕೂಡಿದ್ವೋ, ಹಿಡಿಯಾಕ ತುದಿನ ಇಲ್ಲದಂಗ ಆಗಬಹುದು, ಅಂಥ ನೆಟ್‌ವರ್ಕಿಗೆಲ್ಲಾ ನಡಿಯುವಂಥ ಫಾಸ್ಟ್ ಉಪಾಯ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಇನ್ನೊಂದು ಲೆಕ್ಕ ನಮ್ಮ ಧಾರವಾಡದ್ದು. ಕಾಯಾವ್ರು ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಸಾಕ ಬರೂಹಂಗ ಅವರು ನಿಂತ ಗೇಟು ನಡುವ ಕಡೀದಂಗ ಒಂದಕ್ಕೊಂದು ಕೂಡಿರಬೇಕು ಅಂದ್ರ? ಗಣಿತದ ಸಂಪತ್‌ಕುಮಾರ್ ಮತ್ತ ವಾಲೀಕಾರ್ 1979ರಾಗ ಈ ಕನೆಕ್ಟೆಡ್ ಡಾಮಿನೇಷನ್ ಬಗ್ಗೆ ಬರದ್ರು. ಟ್ರೀ ಒಳಗ ಇದರ ಉತ್ತರ ಬಾಯಿಲೇ ಹೇಳಬಹುದು, ಒಟ್ಟು ಗೇಟಿನಾಗ ತುದಿ ಕಳೀರಿ. 7ರಾಗ 3 ಹೋದ್ರ 4. ಬ್ಯಾಡಂತ ಮನಿಗೆ ಕಳಿಸಿದ್ದ ನಡುವಿನ ಆಳಿಗೆ ಮತ್ತ ಫೋನ್ ಹಚ್ಚಬೇಕಾತು.