ಗ್ಲೌಸ್ ಹಾಕಿದ್ದೆನಲ್ಲ, ಮತ್ತೆ ಕೈ ಯಾಕೆ ತೊಳೀಬೇಕು?

ದಾವಣಗೆರೆಯಲ್ಲಿ ಹೊಸದಾಗಿ ಡ್ಯೂಟಿಗೆ ಸೇರುವ ನರ್ಸ್‌ಗಳಿಗೆ ನಾನು ಮೊದಲ ದಿನವೇ ಒಂದು ಬಟ್ಟಲಲ್ಲಿ ಅರಿಶಿನ ಕಲಸಿ ಕೊಡುತ್ತೇನೆ. ಗ್ಲೌಸ್ ಹಾಕಿದ ಕೈಗೆ ಬಳಿದುಕೊಳ್ಳಿ, ಆಮೇಲೆ ದಿನಾ ಬಿಚ್ಚುವ ಹಾಗೇ ಬಿಚ್ಚಿ ಅನ್ನುತ್ತೇನೆ. ಬಿಚ್ಚಿದ ಮೇಲೆ ನೋಡಿದರೆ ಬೆರಳ ತುದಿಗೋ ಮಣಿಕಟ್ಟಿಗೋ ಹಳದಿ ಅಂಟಿರುತ್ತದೆ. ಅರಿಶಿನವಾದರೆ ಕಾಣುತ್ತದೆ. ಕೀವು ಒರೆಸಿದ ಗ್ಲೌಸ್‌ನಿಂದ ಕೈಗೆ ಬಂದದ್ದು ಕಾಣುವುದಿಲ್ಲ.

ಜೊತೆಗೆ, ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿರಬಹುದು. ನಮ್ಮ ಏಪ್ರಿಲ್ ಬಿಸಿಲಿಗೆ ಒಳಗೆ ಕೈ ಬೆವರಿ ತೊಪ್ಪೆಯಾಗಿರುತ್ತದೆ. ಆ ಬೆಚ್ಚಗಿನ ಪಸೆಯಲ್ಲಿ ರೋಗಾಣು ಚೆನ್ನಾಗಿ ಬೆಳೆಯುತ್ತವೆ. ಅದಕ್ಕೇ ಹಾಕುವ ಮೊದಲೂ ಬಿಚ್ಚಿದ ಮೇಲೂ ಕೈ ಸ್ವಚ್ಛ ಮಾಡಬೇಕು.

ನನಗೆ ಜಾಸ್ತಿ ಚಿಂತೆ ಬೇರೆಯದು. ಹಿಂದೆ ಒಂದು ವಾರ್ಡ್‌ನಲ್ಲಿ ಕಂಡದ್ದು ಹೇಳುತ್ತೇನೆ. ಒಬ್ಬ ಸಿಸ್ಟರ್ ಯೂರಿನ್ ಬ್ಯಾಗ್ ಖಾಲಿ ಮಾಡಿದರು. ಅದೇ ಗ್ಲೌಸ್‌ನಲ್ಲಿ ಮಂಚದ ಕಂಬಿ ಹಿಡಿದರು, ಪಕ್ಕದ ರೋಗಿಯ ಡ್ರಿಪ್ ಸರಿ ಮಾಡಿದರು, ಕೇಸ್ ಶೀಟ್ ಬರೆದರು. ಅವರೇನೂ ಸೋಮಾರಿಯಲ್ಲ, ಬೆಳಗಿನಿಂದ ಕೂತಿರಲಿಲ್ಲ. ಬರಿಗೈಗೆ ಮೂತ್ರ ತಾಗಿದ್ದರೆ ನಲ್ಲಿಗೆ ಓಡುತ್ತಿದ್ದರು ಅಲ್ವಾ? ಗ್ಲೌಸ್ ಇದ್ದಾಗ ಕೈಗೆ ಗಲೀಜು ಅನ್ನಿಸುವುದೇ ಇಲ್ಲ. ಗ್ಲೌಸ್ ಅವರನ್ನು ಕಾಪಾಡಿತು, ಪಕ್ಕದ ಮಂಚದವರನ್ನು ಕಾಪಾಡಲಿಲ್ಲ. ಒಬ್ಬ ರೋಗಿಗೆ ಹಾಕಿದ್ದು ಇನ್ನೊಬ್ಬರಿಗೆ ಬೇಡವೇ ಬೇಡ. ಒಬ್ಬರದ್ದೇ ಆದರೂ ಕೊಳಕು ಕೆಲಸ ಮುಗಿಸಿ ಡ್ರಿಪ್ ಮುಟ್ಟುವ ಮೊದಲು ಬಿಚ್ಚಲೇಬೇಕು. ಗ್ಲೌಸ್ ಮೇಲೇ ಸ್ಯಾನಿಟೈಸರ್ ಉಜ್ಜಿ ಮುಂದುವರಿಯುವುದೂ ತಪ್ಪು.

ಬಿಪಿ, ನಾಡಿ, ಜ್ವರ ನೋಡೋದಕ್ಕೆ ಸಾಮಾನ್ಯವಾಗಿ ಗ್ಲೌಸ್ ಬೇಕಿಲ್ಲ. ಜಗಳೂರು ಕಡೆಯ ಅಜ್ಜಿಯೊಬ್ಬರು, "ನನ್ನ ಮುಟ್ಟಕ್ಕೆ ಹೇಸಿಗೆನಾ ತಾಯಿ?" ಅಂತ ಕೇಳಿಬಿಟ್ಟಿದ್ದರು. ರಕ್ತ, ಕೀವು, ಮಲಮೂತ್ರ ತಾಗುವ ಕಡೆ ಹಾಕಿ. ಉಳಿದ ಕಡೆ ಸ್ವಚ್ಛ ಬರಿಗೈ ಸಾಕು.

ಹ್ಯಾಂಡ್ ರಬ್ (ಆಲ್ಕೋಹಾಲ್ ಇರುವ ಸ್ಯಾನಿಟೈಸರ್) ಆದರೆ 20ರಿಂದ 30 ಸೆಕೆಂಡ್ ಉಜ್ಜಿ, ಒಣಗಲು ಬಿಡಿ. ಕೈ ಕೊಳೆಯಾಗಿ ಕಂಡರೆ, ಭೇದಿ ರೋಗಿಯನ್ನು ನೋಡಿದ್ದರೆ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಕೆಲವು ಭೇದಿ ರೋಗಾಣುಗಳ ಬೀಜಕಗಳು (ಗಟ್ಟಿ ಕವಚದ ರೂಪ) ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಬೋರ್ ನೀರು, ಸೋಪು ಎರಡೂ ಸೇರಿ ಕೈ ಒಡೆಯುತ್ತದೆ ಅನ್ನುವವರ ಮಾತು ನಿಜ. ಗ್ಲಿಸರಿನ್ ಇರುವ ರಬ್ ಕೈಗೆ ಅಷ್ಟು ಕಾಟ ಕೊಡುವುದಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ಡ್ಯೂಟಿ ಮುಗಿದ ಮೇಲೆ ಹಚ್ಚಿ, ಎಣ್ಣೆ ಕೈಗೆ ಲೇಟೆಕ್ಸ್ ಗ್ಲೌಸ್ ಹಾಕಿದರೆ ಅದು ಬೇಗ ಹಾಳಾಗುತ್ತದೆ.

ಅಂದ ಹಾಗೆ, ಆ ವಾರ್ಡ್‌ನಲ್ಲಿ ಗ್ಲೌಸ್ ಡಬ್ಬಿ ಟ್ರಾಲಿ ಮೇಲೇ ಇತ್ತು. ರಬ್ ಬಾಟಲಿ ಇದ್ದದ್ದು ಬಾಗಿಲ ಹತ್ತಿರ ಒಂದೇ ಒಂದು. ಈಗ ಒಂದೊಂದು ಮಂಚದ ಕಾಲ ಕಡೆಯೂ ಒಂದೊಂದು ಬಾಟಲಿ ತೂಗುಹಾಕಿಸಿದ್ದೇವೆ. ಈಗ ಗ್ಲೌಸ್ ಬಿಚ್ಚಿದ ಕೂಡಲೇ ಆ ಸಿಸ್ಟರ್ ಕೈ ಅತ್ತ ಹೋಗುತ್ತದೆ.