ಪಿಡಿಎಫ್‌ನಲ್ಲಿ ‘ಬಳ್ಳಾರಿ’ ಹುಡುಕಿದರೆ ಏಕೆ ಸಿಗೋದಿಲ್ಲ?

ಬೆಳೆ ಪರಿಹಾರದ ಪಟ್ಟಿ, ನೇಮಕಾತಿ ಅಧಿಸೂಚನೆ, ಹಳೆ ಪ್ರಶ್ನೆಪತ್ರಿಕೆ. ಈಗ ಎಲ್ಲವೂ ಪಿಡಿಎಫ್ ಆಗಿ ಮೊಬೈಲಿಗೇ ಬರುತ್ತವೆ. ಅಕ್ಷರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಊರಿನ ಹೆಸರು ಹಾಕಿ ಹುಡುಕಿದರೆ ‘ಸಿಗಲಿಲ್ಲ’ ಅನ್ನುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅಲ್ಲಿ ಕನ್ನಡವೇ ಇರುವುದಿಲ್ಲ. ಒಬ್ಬರು ಫಾಂಟ್ ಸರಿ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಸರಿ ಇಲ್ಲ ಅನ್ನುತ್ತಾರೆ. ಗಂಟು ಬಿದ್ದಿರುವುದು ಬಹಳ ಹಿಂದೆ.

ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿಯಿತು, 1985ರಲ್ಲಿ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಬಂತು, 1993ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ತಂದಿತು. ಪಿಡಿಎಫ್‌ನ ಉದ್ದೇಶ ಒಂದೇ: ಪುಟ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ಥರ ಕಾಣಬೇಕು. ಅದಕ್ಕೆ ಅದು ‘ಈ ಆಕಾರವನ್ನು ಈ ಜಾಗದಲ್ಲಿ ಇಡು’ ಎಂಬ ಸೂಚನೆಗಳನ್ನು ಇಟ್ಟುಕೊಳ್ಳುತ್ತದೆ. ಆ ಆಕಾರ ಯಾವ ಅಕ್ಷರ ಅನ್ನುವುದನ್ನು ಬೇರೆಯಾಗಿ ಬರೆದಿಟ್ಟರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

ನಮ್ಮ ಕಡೆ ಕಥೆ ಜಟಿಲವಾಗಿದ್ದು ಡಿಟಿಪಿ ಅಂಗಡಿಗಳ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡಿಕೊಡುವ ಅಂಗಡಿಗಳ ಕಾಲದಲ್ಲಿ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಹೊಸ ಜಿಲ್ಲೆಯ ಕಾಗದಪತ್ರ ಬೆಳೆದದ್ದೂ, ಕನ್ನಡ ಕಂಪ್ಯೂಟರಿಗೆ ಇಳಿದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಕನ್ನಡ ಟೈಪ್ ಮಾಡಲು ಶ್ರೀಲಿಪಿ, ಬರಹ, ನುಡಿ ಎಂಬ ತಂತ್ರಾಂಶಗಳು ತಮ್ಮ ತಮ್ಮ ಫಾಂಟುಗಳ ಜೊತೆ ಬಂದವು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಟೆಂಡರ್ ಪ್ರಕಟಣೆ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಪೇಜ್‌ಮೇಕರ್‌ನಲ್ಲೇ ಸಿದ್ಧವಾಗುತ್ತಿದ್ದವು. ಪ್ರೂಫ್ ನೋಡಿ, ಅಚ್ಚಿಗೆ ಕೊಡಲು ಬಟರ್ ಪೇಪರ್ ಎಂಬ ತೆಳು ಹಾಳೆಯ ಮೇಲೆ ಪ್ರಿಂಟ್ ತೆಗೆದರೆ ಕೆಲಸ ಮುಗಿಯಿತು. ಫೈಲ್ ಒಳಗೆ ಏನಿದೆ ಅಂತ ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಆಪರೇಟರುಗಳು ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದರು, ಅದನ್ನು ಹೇಳಲೇಬೇಕು.

ಫೈಲ್ ಒಳಗೆ ಇದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಆ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ಹಳೆ ನುಡಿ ಫಾಂಟಿನಲ್ಲಿ ‘ಕ’ ಕೂತಿದ್ದು ಇಂಗ್ಲಿಷಿನ ‘ಪಿ’ ಜಾಗದಲ್ಲಿ, ‘ನ’ ಕೂತಿದ್ದು ಪೌಂಡ್ ಗುರುತಿನ ಜಾಗದಲ್ಲಿ. ಹಾಗಾಗಿಯೇ ಕಾಪಿ ಮಾಡಿದರೆ ‘ನ’ ಇದ್ದಲ್ಲೆಲ್ಲ ಪೌಂಡ್ ಗುರುತು ಸಾಲು ಹಿಡಿದು ಬರುತ್ತದೆ. ಶ್ರೀಲಿಪಿಯಲ್ಲಿ ಜೋಡಣೆಯೇ ಬೇರೆ. ಆಮೇಲೆ ಇದೇ ಫೈಲುಗಳನ್ನು ಪ್ರಿಂಟ್ ಕೊಡುವ ಹಾಗೆಯೇ ಅಕ್ರೊಬ್ಯಾಟ್ ಡಿಸ್ಟಿಲರ್ ಎಂಬ ಪಿಡಿಎಫ್ ಮಾಡುವ ತಂತ್ರಾಂಶಕ್ಕೆ ಕೊಟ್ಟು ಪಿಡಿಎಫ್ ಮಾಡಿದರು. ಪುಟ ಹಾಗೆಯೇ ಬಂತು, ಒಳಗಿನ ಗೊಂದಲವೂ ಹಾಗೆಯೇ ಬಂತು. ಫಾಂಟ್ ಜೊತೆಗೆ ಸೇರಿಸದೆ ಕಳಿಸಿದರೆ ಪರದೆಯ ಮೇಲೂ ಕನ್ನಡ ಕಾಣುತ್ತಿರಲಿಲ್ಲ.

ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಬಂದ ಮೇಲೆ ಸರಿ ಹೋಗಬೇಕಿತ್ತು, ಅಲ್ವಾ? ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ ಜೊತೆಗೆ 2001ರಲ್ಲಿ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟೂ ಬಂತು. ಆದರೆ ಅದೇ ವರ್ಷ ಬಂದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿಗೆ ಯುನಿಕೋಡ್ ಬರುತ್ತಿರಲಿಲ್ಲ. ಪೇಜ್‌ಮೇಕರ್ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಯಾಗಿ ಕೂರಲು 2012ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಅಂಗಡಿ, ಎಷ್ಟೋ ಕಚೇರಿಗಳ ಕೈ ಹಳೆ ದಾರಿಗೇ ಕುದುರಿಬಿಟ್ಟಿತ್ತು.

ಯುನಿಕೋಡ್‌ನಲ್ಲೇ ಬರೆದು ಪಿಡಿಎಫ್ ಮಾಡಿದರೂ ತೊಂದರೆ ಪೂರ್ತಿ ಹೋಗುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. ‘ಬಳ್ಳಾರಿ’ಯಲ್ಲಿ ಕಂಪ್ಯೂಟರ್ ಮೊದಲು ‘ಳಾ’ ಚಿತ್ರಿಸಿ, ಆಮೇಲೆ ಒತ್ತು ಹಾಕುತ್ತದೆ. ಪಿಡಿಎಫ್ ಆ ಚಿತ್ರಿಸಿದ ಕ್ರಮವನ್ನೇ ಹಿಡಿದರೆ ಕಾಪಿ ಮಾಡಿದಾಗ ‘ಬಳಾ್ಳರಿ’ ಸಿಗುತ್ತದೆ. ಅರ್ಕಾವತ್ತು ಇದ್ದರೆ ಇನ್ನೂ ಕಷ್ಟ. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ಯಲಬುರ್ಗಾ’ ಹೋಗಿ ‘ಯಲಬುಗಾರ್’. ಒತ್ತಿಲ್ಲದ ‘ರಾಯಚೂರು’ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಒಂದೇ ಪಟ್ಟಿಯಲ್ಲಿ ಒಂದು ಊರು ಸಿಕ್ಕಿ ಇನ್ನೊಂದು ಸಿಗದಿರಲು ಇದೇ ಕಾರಣ.

ತೊಂದರೆ ಹುಡುಕುವುದರಲ್ಲಿ ಮಾತ್ರ ಅಲ್ಲ. ಎ4 ಹಾಳೆಗೆ ಅಳೆದ ಪುಟ ಮೊಬೈಲಿನಲ್ಲಿ ಅಗಲ ಬದಲಿಸಿಕೊಳ್ಳುವುದಿಲ್ಲ. ಕೋಷ್ಟಕ ಅಂದರೆ ಬರೀ ಗೆರೆ ಮತ್ತು ಪದ, ಯಾವ ಹೆಸರಿಗೆ ಯಾವ ಮೊತ್ತ ಅನ್ನುವ ಸಂಬಂಧ ಫೈಲ್‌ನಲ್ಲಿ ಇರುವುದಿಲ್ಲ. ಟ್ಯಾಗ್, ಅಂದರೆ ಯಾವುದು ಏನು ಎಂಬ ಒಳಗುರುತು, ಹಾಕಿ ಆ ಸಂಬಂಧ ಉಳಿಸುವ ಅವಕಾಶ 2001ರಿಂದಲೇ ಇದೆ, ಬಳಸುವವರು ಕಡಿಮೆ. ಇದರಿಂದ ಜಾಸ್ತಿ ಪೆಟ್ಟು ಬೀಳುವುದು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ಓದುವುದು ಪುಟದ ಅಂದವನ್ನಲ್ಲ, ಒಳಗಿನ ಅಕ್ಷರವನ್ನು. ಒಳಗೆ ಪೌಂಡ್ ಗುರುತು ಇದ್ದರೆ ಅವರ ಕಿವಿಗೆ ಬೀಳುವುದೂ ಅದೇ. ಪರೀಕ್ಷೆಗೆ ಓದುವ ಹುಡುಗಿಗೆ ಹೀಗಾದರೆ ಅದನ್ನು ಸಣ್ಣ ತಾಂತ್ರಿಕ ದೋಷ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಎರಡು ದಾರಿಗಳಿವೆ. ಮೂಲ ಪೇಜ್‌ಮೇಕರ್ ಫೈಲ್ ಉಳಿದಿದ್ದರೆ ಒಳಗಿನ ಪಠ್ಯ ತೆಗೆದು, ಪರಿವರ್ತಕದಿಂದ ಯುನಿಕೋಡ್ ಮಾಡಬಹುದು. ಯಾವ ಫಾಂಟ್ ಅಂತ ಗೊತ್ತಿದ್ದರೆ ಸಾಕು, ತಪ್ಪು ಕಡಿಮೆ. ಪಿಡಿಎಫ್ ಮಾತ್ರ ಉಳಿದು ಪಠ್ಯ ಹೊರಬರದಿದ್ದರೆ ಪುಟವನ್ನು ಚಿತ್ರ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್‌ಗೆ ಕೊಡಬೇಕು. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶ ಕನ್ನಡ ಓದುತ್ತದೆ, ಆದರೆ ಒತ್ತಕ್ಷರಗಳಲ್ಲಿ ಎಡವುತ್ತದೆ. ಮತ್ತೆ ಒಬ್ಬರು ಕೂತು ಸಾಲು ಸಾಲು ಪ್ರೂಫ್ ನೋಡಲೇಬೇಕು. ಆದ್ದರಿಂದ ಪಿಡಿಎಫ್ ಸಿಕ್ಕಿತು ಅಂತ ಮೂಲ ಫೈಲ್ ಅಳಿಸಬೇಡಿ. ಫಾಂಟಿನ ಹೆಸರನ್ನೂ ಅದರ ಜೊತೆಗೇ ಬರೆದಿಡಿ.